ಫ್ರೆಟ್ ಇಲ್ಲದ ಗಿಟಾರ್ ತಗೊಳ್ಬೇಕಾ? ಪುಣೆಯಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಧಾರವಾಡದವನು, ಈಗ ಪುಣೆ ಹಿಂಜೆವಾಡಿಯಲ್ಲಿ ಕೆಲಸ. ಎಲೆಕ್ಟ್ರಿಕ್ ಗಿಟಾರ್ ಕೆಲವು ವರ್ಷದಿಂದ ನುಡಿಸ್ತಿದೀನಿ, ಮನೆಯಲ್ಲಿ ಮಾತ್ರ ಸಣ್ಣಂದಿನಿಂದ ಹಿಂದೂಸ್ತಾನಿ ಕೇಳಿಯೇ ಬೆಳೆದದ್ದು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ನುಡಿಸೋಕೆ ಫ್ರೆಟ್‌ಲೆಸ್ ಎಲೆಕ್ಟ್ರಿಕ್ ಗಿಟಾರ್ ತಗೋಬೇಕು ಅಂತ ಆಸೆ. ಬಜೆಟ್ 40,000. ಫಾರಿನ್ನಿಂದ ತರಿಸ್ಲಾ, ಇಲ್ಲಾ ಯಾವುದಾದ್ರೂ ಗಿಟಾರಿನ ಫ್ರೆಟ್ ಕೀಳಿಸ್ಲಾ? ಇನ್ನೊಂದು, ಗೆಳೆಯನ ಫ್ರೆಟ್‌ಲೆಸ್ ಒಂದ್ಸಲ ಹಿಡಿದು ನೋಡಿದೆ, ಸಣ್ಣ ತಂತಿಗಳಲ್ಲಿ ಸ್ವರ ಹುಟ್ಟಿದ ತಕ್ಷಣ ಸತ್ತೋಗುತ್ತೆ. ಅದು ಗಿಟಾರಿನ ದೋಷವೋ ನನ್ನ ಕೈಯ ದೋಷವೋ?

ಉತ್ತರ: ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ಯಾವುದು ತಗೊಳ್ಳೋದು, ಎಲ್ಲಿ ದುಡ್ಡು ಹಾಕೋದು, ಹೇಗೆ ನುಡಿಸೋದು ಎಲ್ಲದಕ್ಕೂ ಉತ್ತರ ಅದರಲ್ಲೇ ಉಂಟು. ದೋಷ ಗಿಟಾರಿದ್ದೂ ಅಲ್ಲ ನಿಮ್ಮ ಕೈಯದ್ದೂ ಅಲ್ಲ. ಫ್ರೆಟ್ ಇರುವ ಗಿಟಾರಲ್ಲಿ ತಂತಿಯನ್ನು ತಡೆದು ನಿಲ್ಲಿಸೋದು ಫ್ರೆಟ್, ಅಂದ್ರೆ ಬೆರಳೊತ್ತುವ ಬೋರ್ಡಿಗೆ ಅಡ್ಡ ಕೂರಿಸಿದ ಲೋಹದ ಒಂದು ಗಟ್ಟಿ ಅಂಚು, ನಿಮ್ಮ ಬೆರಳು ತಂತಿಯನ್ನು ಅದರ ಮೇಲೆ ಒತ್ತಿ ಹಿಡಿಯೋದಷ್ಟೇ. ಫ್ರೆಟ್ ತೆಗೆದ ಮೇಲೆ ತಂತಿಯ ಒಂದು ತುದಿ ನಿಂತಿರೋದು ನಿಮ್ಮ ಬೆರಳಿನ ಮಾಂಸದ ಮೇಲೆ, ಮಾಂಸ ಮೆತ್ತಗೆ, ಕಂಪನವನ್ನು ಅದು ಕುಡಿದು ಬಿಡ್ತದೆ. ದಪ್ಪ ತಂತಿಗೆ ತೂಕ ಉಂಟು, ಅದರಲ್ಲಿ ಕೂಡಿಟ್ಟ ಶಕ್ತಿ ಜಾಸ್ತಿ, ಹಾಗಾಗಿ ಸ್ವಲ್ಪ ಹೊತ್ತು ತಡ್ಕೊಳ್ತದೆ. ಅಮೆರಿಕದ ಜಾಕೋ ಪಾಸ್ಟೋರಿಯಸ್ ಬಾಸ್ (ದಪ್ಪ ತಂತಿಯ, ಕೆಳಸ್ಥಾಯಿಯ) ಗಿಟಾರಿನ ಫ್ರೆಟ್ ಕಿತ್ತು, ಬೋರ್ಡಿನ ಮೇಲೆ ದೋಣಿಗೆ ಹಚ್ಚುವ ಎಪಾಕ್ಸಿ (ಒಣಗಿದ್ರೆ ಕಲ್ಲಾಗುವ ಅಂಟು) ಬಳಿದು 1970ರ ದಶಕದಲ್ಲಿ ಆ ಪರಿ ಹಾಡಿಸಿದ್ದು ನಿಮಗೆ ಗೊತ್ತಿರ್ಬಹುದು, ಬಾಸಿನ ತಂತಿ ದಪ್ಪ ಅನ್ನೋದು ಅಲ್ಲಿ ದೊಡ್ಡ ಅನುಕೂಲ. ಗಿಟಾರಿನ ಒಂದನೇ ಎರಡನೇ ತಂತಿಗೆ ಆ ಭಾಗ್ಯ ಇಲ್ಲ. ವಯೊಲಿನ್‌ಗೂ ಇದೇ ಕಥೆ, ಕಮಾನು ಬಿಟ್ಟು ಬೆರಳಲ್ಲಿ ಮೀಟಿ ನೋಡಿ, ಟಕ್ ಅಂತ ಮುಗೀತು. ಕಮಾನು ಎಳೀತಾ ಇರೋವರೆಗೆ ತಂತಿಗೆ ಶಕ್ತಿ ಸಿಗ್ತಾನೇ ಇರ್ತದೆ, ಗಿಟಾರಲ್ಲಿ ಒಂದ್ಸಲ ಮೀಟಿದ್ರೆ ಮುಗೀತು, ಮತ್ತೆ ಕೊಡುವವರು ಯಾರೂ ಇಲ್ಲ.

ಹಾಗಾದ್ರೆ ಪರಿಹಾರ ಇಲ್ವಾ? ಉಂಟು, ಅದೂ ನಮ್ಮಲ್ಲೇ, ನೂರು ವರ್ಷಕ್ಕೂ ಹಳೇದು. ಸರೋದ್ ನೋಡಿ. ಅದರ ಹಿರಿಯ ರಬಾಬಿಗೆ ಮರದ ಬೋರ್ಡು, ಕರುಳಿನ ತಂತಿ, ಸ್ವರ ಗಿಡ್ಡ. 19ನೇ ಶತಮಾನದಲ್ಲಿ ಅದಕ್ಕೆ ಉಕ್ಕಿನ ಪ್ಲೇಟು, ಲೋಹದ ತಂತಿ ಬಂತು, ಒತ್ತೋದಕ್ಕೆ ಬೆರಳಿನ ಮಾಂಸದ ಬದಲು ಉಗುರಿನ ಅಂಚು. ಅಂದ್ರೆ ಒಂದು ಕಡೆ ಗಟ್ಟಿ ಲೋಹ, ಇನ್ನೊಂದು ಕಡೆ ಗಟ್ಟಿ ಉಗುರು, ನಡುವೆ ತಂತಿ, ಕಂಪನ ಕುಡಿಯೋದಕ್ಕೆ ಮೆತ್ತನೆಯದ್ದು ಏನೂ ಉಳೀಲಿಲ್ಲ. ನಮ್ಮ ರಾಜೀವ ತಾರಾನಾಥರು (ಬೆಂಗಳೂರಲ್ಲಿ ಹುಟ್ಟಿ, ಇಂಗ್ಲಿಷ್ ಮೇಷ್ಟ್ರಾಗಿ, ಅಲಿ ಅಕ್ಬರ್ ಖಾನರ ಶಿಷ್ಯರಾಗಿ, 2024ರಲ್ಲಿ ಮೈಸೂರಲ್ಲಿ ತೀರಿಕೊಂಡ್ರಲ್ಲ, ಅವರೇ) ನುಡಿಸಿದ ವಿಡಿಯೋ ಯಾವುದಾದ್ರೂ ಹಾಕ್ಕೊಂಡು ಸೌಂಡ್ ಬಂದ್ ಮಾಡಿ ಎಡಗೈ ಮಾತ್ರ ನೋಡಿ. ಫ್ರೆಟ್‌ಲೆಸ್ ಗಿಟಾರ್ ಬಗ್ಗೆ ನಾನು ಹೇಳಬೇಕಾದ್ದರಲ್ಲಿ ಅರ್ಧ ಅಲ್ಲೇ ಉಂಟು. ಪುಣೆಯಲ್ಲೇ ಇದ್ದೀರಿ, ಡಿಸೆಂಬರಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಹೋಗ್ತೀರಿ ಅಂತ ಭಾವಿಸ್ತೇನೆ, ಹೋಗದಿದ್ರೆ ಭೀಮಸೇನ ಜೋಶಿಯವರ ಊರಿನ ಕಡೆಯವರು ಅಂತ ಹೇಳ್ಬೇಡಿ ಮಾರಾಯ್ರೆ, ಅಲ್ಲಿ ಸರೋದ್ ಕಛೇರಿ ಇದ್ದ ದಿನ ಪರದೆಯ ಮೇಲೆ ಆ ಉಗುರು ಕ್ಲೋಸಪ್ಪಲ್ಲಿ ತೋರಿಸ್ತಾರಾ ನೋಡಿ.

ಗಿಟಾರಿನವರೂ ಇದೇ ದಾರಿಗೆ ಬಂದ್ರು. ಫ್ರಾನ್ಸಿನ ವಿಜಿಯೇ ಕಂಪನಿಯ ಸರ್ಫ್ರೆಟರ್ ಅನ್ನುವ ಫ್ರೆಟ್‌ಲೆಸ್ ಎಲೆಕ್ಟ್ರಿಕ್‌ಗೆ ಲೋಹದ ಫಿಂಗರ್‌ಬೋರ್ಡ್, ಗನ್ಸ್ ಎನ್ ರೋಸಸ್‌ನಲ್ಲಿದ್ದ ಬಂಬಲ್‌ಫುಟ್ ಕೈಯಲ್ಲಿ ನೋಡಿರ್ತೀರಿ. ಗಾಜಿನ ಬೋರ್ಡ್ ಹಾಕಿಸಿಕೊಂಡವರೂ ಇದ್ದಾರೆ. ಇದಕ್ಕೆ ಪೂರ್ತಿ ಉಲ್ಟಾ ದಾರಿ ಟರ್ಕಿಯ ಎರ್ಕಾನ್ ಓಗುರ್ ಅವರದ್ದು, 1976ರಲ್ಲೇ ಫ್ರೆಟ್ ಇಲ್ಲದ ಕ್ಲಾಸಿಕಲ್ ಗಿಟಾರ್ ಮಾಡಿಕೊಂಡವರು. ನೈಲಾನ್ ತಂತಿ, ಗಿಡ್ಡ ಸ್ವರ. ಆ ಗಿಡ್ಡತನವನ್ನೇ ಅವರು ಶೈಲಿ ಮಾಡಿಕೊಂಡ್ರು, ಸ್ವರ ಸಾಯುವ ಮೊದಲೇ ಮುಂದಿನ ಸ್ವರಕ್ಕೆ ಹೋಗಿರ್ತಾರೆ. ಎರಡೂ ಸರಿ. ನಿಮಗೆ ಯಾವುದು ಬೇಕು ಅಂತ ಮೊದಲು ತೀರ್ಮಾನ ಆಗ್ಬೇಕು. ಉದ್ದ ಮೀಂಡ್ ಬೇಕು ಅಂದಿದ್ದೀರಿ, ಅಂದ್ರೆ ನಿಮ್ಮ ದಾರಿ ಸರೋದಿನ ದಾರಿ, ಗಟ್ಟಿ ಬೋರ್ಡಿನ ದಾರಿ.

ಅದಕ್ಕೂ ಮೊದಲು ಇನ್ನೊಂದು ಮಾತು, ಬೇಜಾರು ಮಾಡ್ಕೊಳ್ಬೇಡಿ. ನಿಮಗೆ ನಿಜವಾಗ್ಲೂ ಫ್ರೆಟ್‌ಲೆಸ್ಸೇ ಬೇಕಾ? ಮೀಂಡ್ ಅಷ್ಟೇ ಬೇಕಿದ್ರೆ ಸ್ಲೈಡ್ ಉಂಟು, ಮಡಿಲ ಮೇಲೆ ಮಲಗಿಸಿ ಉಕ್ಕಿನ ಬಾರ್ ಜಾರಿಸೋದು. ಮುಂಬೈ ಸಿನಿಮಾ ಸಂಗೀತದಲ್ಲಿ ವ್ಯಾನ್ ಶಿಪ್ಲೇ ಎಲೆಕ್ಟ್ರಿಕ್ ಹವಾಯಿಯನ್ ಗಿಟಾರಲ್ಲಿ ಅದೇ ಮಾಡಿದ್ದು, ರಾಗಸಂಗೀತಕ್ಕೆ ಅದನ್ನು ತಂದವರು ಬ್ರಿಜ್ ಭೂಷಣ್ ಕಾಬ್ರಾ, ಆಮೇಲೆ ವಿಶ್ವಮೋಹನ ಭಟ್ಟರ ಮೋಹನವೀಣೆಗೆ 1994ರಲ್ಲಿ ಗ್ರ್ಯಾಮಿಯೂ ಬಂತು. ಸ್ವರ ನಿಲ್ಲದ (ಸಸ್ಟೇನ್) ಸಮಸ್ಯೆಯೇ ಇಲ್ಲ ಅದರಲ್ಲಿ, ಬಾರ್ ಲೋಹ ಅಲ್ವಾ. ಆದ್ರೆ ಸ್ಲೈಡಲ್ಲಿ ಬೆರಳುಗಳ ಬಿಡಿ ಓಟ ಇಲ್ಲ, ಫಾಸ್ಟ್ ತಾನ್ ತೆಗೆಯೋದು ಬೇರೆಯೇ ಸಾಧನೆ. ಇನ್ನೊಂದು ಸ್ಕ್ಯಾಲಪ್ ಬೋರ್ಡ್, ಫ್ರೆಟ್ಟುಗಳ ನಡುವೆ ಮರವನ್ನು ತಗ್ಗಾಗಿ ಕೆತ್ತೋದು, ಜಾನ್ ಮೆಕ್‌ಲಾಫ್ಲಿನ್ ಶಕ್ತಿ ತಂಡದಲ್ಲಿ ಹಿಡಿದಿದ್ದು ಅಂಥದ್ದು. ಫ್ರೆಟ್ ಇದ್ದ ಹಾಗೇ ಇರ್ತದೆ, ಸಿತಾರಿನ ಹಾಗೆ ತಂತಿ ಎಳೆದು ಗಮಕ ತೆಗೀಬಹುದು. ಇವೆರಡನ್ನೂ ಯೋಚನೆ ಮಾಡಿ, ಇಲ್ಲ ನನಗೆ ಬೆರಳಲ್ಲೇ ಜಾರ್ಬೇಕು, ನಾಲ್ಕೂ ಬೆರಳು ಬಿಡಿಬಿಡಿಯಾಗಿ ಓಡ್ಬೇಕು ಅಂತ ಅನಿಸಿದ್ರೆ ಮುಂದೆ ಓದಿ.

ಫಾರಿನ್ನಿಂದ ತರಿಸೋದು ನಿಮ್ಮ ಬಜೆಟ್ಟಲ್ಲಿ ಆಗುವ ಮಾತಲ್ಲ, ಲೋಹದ ಬೋರ್ಡಿನ ಒಳ್ಳೇ ಗಿಟಾರಿಗೆ ಡ್ಯೂಟಿ, ಸಾಗಾಟ ಎಲ್ಲಾ ಸೇರಿ ಲೆಕ್ಕ ಲಕ್ಷಗಳಲ್ಲಿ ಹೋಗ್ತದೆ, ಮೇಲಿಂದ ನುಡಿಸಿ ನೋಡದೆ ತಗೊಂಡ ಹಾಗೆ. ಮುಂಬೈಯ ಧೋಬಿ ತಲಾವ್ ಕಡೆ ಅಂಗಡಿಗಳಲ್ಲೂ ಗೋಡೆಯಲ್ಲಿ ನೇತು ಹಾಕಿದ ಫ್ರೆಟ್‌ಲೆಸ್ ಗಿಟಾರ್ ಹುಡುಕ್ತಾ ಹೋದ್ರೆ ಚಪ್ಪಲಿ ಸವೀತದೆ, ಬೇಕಿದ್ರೆ ಫ್ರೆಟ್‌ಲೆಸ್ ಬಾಸ್ ಒಂದು ಸಿಗಬಹುದು. ಹಾಗಾಗಿ ಸೆಕೆಂಡ್‌ಹ್ಯಾಂಡ್ ಗಿಟಾರ್ ಒಂದು ತಗೊಂಡು ಫ್ರೆಟ್ ಕೀಳಿಸೋದೇ ಸರಿ. ಹತ್ತು ಹನ್ನೆರಡು ಸಾವಿರದೊಳಗಿನ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿ ಗಿಟಾರ್ ಸಾಕು, ಆದ್ರೆ ಒಂದೇ ಹಠ ಹಿಡೀರಿ: ನೆಕ್ (ಗಿಟಾರಿನ ಕುತ್ತಿಗೆ) ಬೋಲ್ಟ್ ಆನ್ ಆಗಿರ್ಬೇಕು, ಹಿಂದೆ ನಾಲ್ಕು ಸ್ಕ್ರೂ ಕಾಣ್ಬೇಕು. ಅಂಟಿಸಿದ ನೆಕ್ ಬೇಡ. ಬೋಲ್ಟ್ ಆನ್ ಆದ್ರೆ ಕೆಲಸ ಕೆಟ್ರೂ ನೆಕ್ ಮಾತ್ರ ಬದಲಾಯಿಸಬಹುದು, ನೆಕ್ಕಿನ ಬುಡದಲ್ಲಿ ತೆಳು ಚಕ್ಕೆ (ಶಿಮ್) ಇಟ್ಟು ಕೋನವನ್ನೂ ಸರಿ ಮಾಡಬಹುದು, ಈ ಶಿಮ್ ಯಾಕೆ ಬೇಕಾಗ್ತದೆ ಅಂತ ಮುಂದೆ ಹೇಳ್ತೇನೆ. ಇರುವ ಒಂದೇ ಗಿಟಾರಿನ ಫ್ರೆಟ್ ಮಾತ್ರ ಕೀಳಿಸ್ಬೇಡಿ, ವಾಪಸ್ ಹಾಕಿಸೋದು ಕೀಳಿಸೋದಕ್ಕಿಂತ ದೊಡ್ಡ ಖರ್ಚು.

ಹಳೇ ಗಿಟಾರ್ ನೋಡುವಾಗ ಫ್ರೆಟ್ ಸವೆದಿದೆಯಾ ಅಂತ ತಲೆ ಕೆಡಿಸ್ಕೊಳ್ಬೇಡಿ, ಹೇಗೂ ಕೀಳೋದೇ, ಸವೆದಿದ್ರೆ ಅದನ್ನೇ ತೋರಿಸಿ ರೇಟು ಇಳಿಸಿ. ನೀವು ನೋಡಬೇಕಾದ್ದು ನೆಕ್ ತಿರುಚಿಲ್ಲ ತಾನೇ, ಟ್ರಸ್ ರಾಡ್ (ನೆಕ್ಕಿನ ಬಾಗು ಸರಿ ಮಾಡುವ ಒಳಗಿನ ಸರಳು) ಎರಡೂ ಕಡೆ ತಿರುಗ್ತದಾ, ಬೋರ್ಡ್ ಮರ ಬಿರುಕು ಬಿಟ್ಟಿಲ್ವಾ, ಇಷ್ಟೇ. ಬ್ರಿಡ್ಜಿನ (ತಂತಿ ಗಿಟಾರಿನ ಮೈಮೇಲೆ ಕೂರುವ ಜಾಗ) ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಎರಡು ಕಾಯಿಲಿನ ಹಮ್‌ಬಕರ್ ಆಗಿದ್ರೆ ಒಳ್ಳೇದು, ಮುಂದೆ ಕಂಪ್ರೆಸರ್ (ಸಣ್ಣ ಸದ್ದನ್ನು ಎತ್ತುವ ಪೆಡಲ್) ಹಾಕುವಾಗ ಸಿಂಗಲ್ ಕಾಯಿಲ್ ಗುಂಯ್‌ಗುಡೋದು ಎದ್ದು ಕೇಳಿಸ್ತದೆ, ಅದರಲ್ಲೂ ಅರ್ಥಿಂಗ್ ಸರಿ ಇಲ್ಲದ ಹಳೇ ಬಿಲ್ಡಿಂಗುಗಳಲ್ಲಿ.

ಫ್ರೆಟ್ ಕೀಳೋದು ನೋಡೋದಕ್ಕೆ ಸುಲಭ, ಅದೇ ಅಪಾಯ. ಯೂಟ್ಯೂಬ್ ನೋಡಿ ಪಕ್ಕಡ್ ಹಿಡಿದು ಎಳೀಬೇಡಿ. ಫ್ರೆಟ್ಟಿನ ಕೆಳಗೆ ಮರದೊಳಗೆ ಹೋದ ಭಾಗಕ್ಕೆ ಮುಳ್ಳುಮುಳ್ಳಾದ ಹಲ್ಲು ಇರ್ತದೆ, ಎಳೆದ್ರೆ ಬೋರ್ಡಿನ ಚಕ್ಕೆಯನ್ನೂ ಎಬ್ಬಿಸಿಕೊಂಡೇ ಬರ್ತದೆ. ಸಾಲ್ಡರಿಂಗ್ ಐರನ್ನಲ್ಲಿ ಫ್ರೆಟ್ ಬಿಸಿ ಮಾಡ್ಬೇಕು, ಅಂಟು ಸಡಿಲ ಆಗ್ತದೆ, ಆಮೇಲೆ ಮೂತಿ ಸಪಾಟಾಗಿ ಉಜ್ಜಿದ ಎಂಡ್ ಕಟರಲ್ಲಿ ಒಂದು ತುದಿಯಿಂದ ಹಿಸುಕ್ತಾ ಹಿಸುಕ್ತಾ ಮೆಲ್ಲ ಎಬ್ಬಿಸ್ಬೇಕು, ಎಳೆಯೋದಲ್ಲ. ಎದ್ದ ಚಕ್ಕೆಯನ್ನು ಅಲ್ಲೇ ಅಂಟಿಸ್ಬೇಕು. ನಂತರ ಪ್ರತಿ ಸೀಳಿಗೂ ತೆಳು ವೆನೀರ್ (ಮರದ ಹಾಳೆ) ಪಟ್ಟಿ ತುಂಬಿಸಿ ಅಂಟು ಹಾಕಿ, ಬೋರ್ಡಿನ ದುಂಡಿಗೆ ಸರಿಯಾದ ರೇಡಿಯಸ್ ಬ್ಲಾಕಲ್ಲಿ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಒಂದೇ ಸಮ ಮಾಡೋದು. ಸೀಳು ಖಾಲಿ ಬಿಡೋದು, ಇಲ್ಲಾ ಮರದ ಪುಟ್ಟಿ ಮೆತ್ತಿ ಕಳಿಸೋದು ಮಾಡ್ತಾರೆ ಕೆಲವರು, ಅದು ಆಗ್ಲಿಕ್ಕಿಲ್ಲ ಅಂತ ಮೊದಲೇ ಹೇಳಿ. ಇಪ್ಪತ್ತಕ್ಕೂ ಹೆಚ್ಚು ಫ್ರೆಟ್ಟುಗಳು ಮರದೊಳಗೆ ಬೆಣೆ ಹೊಡೆದ ಹಾಗೆ ಕೂತು ನೆಕ್ಕನ್ನು ಹಿಂದಕ್ಕೆ ತಳ್ತಾ ಇರ್ತವೆ, ಅವನ್ನೆಲ್ಲ ತೆಗೆದು ಜಾಗ ಗಟ್ಟಿಯಾಗಿ ತುಂಬದಿದ್ರೆ ತಂತಿಯ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗ್ತದೆ. ತುಂಬಿದ ಮೇಲೂ ಟ್ರಸ್ ರಾಡ್ ಮತ್ತೆ ಸೆಟ್ ಮಾಡ್ಲೇ ಬೇಕು.

ಪಟ್ಟಿ ತಿಳಿ ಬಣ್ಣದ ಮರದ್ದೇ ಹಾಕಿಸಿ, ಫ್ರೆಟ್ ಇದ್ದ ಜಾಗದಲ್ಲಿ ಗೆರೆ ಕಾಣ್ಲಿ. ಗೆರೆ ಇಲ್ಲದ ಬೋರ್ಡ್ ಚಂದ ಅಂತ ಕೆಲವರಿಗೆ ಶೋಕಿ, ನೋಡುವವರಿಗೆ ಚಂದ, ನುಡಿಸುವವನಿಗೆ ಕಷ್ಟ. ಹಾಗೇ ನೆಕ್ಕಿನ ಬದಿಯ ಚುಕ್ಕೆಗಳ ಬಗ್ಗೆ ಹುಷಾರು. ಮಾಮೂಲಿ ಗಿಟಾರಲ್ಲಿ ಆ ಚುಕ್ಕೆ ಇರೋದು ಎರಡು ಫ್ರೆಟ್ಟುಗಳ ನಡುವೆ, ನಿಮ್ಮ ಸ್ವರ ಇರೋದು ಗೆರೆಯ ಮೇಲೆ. ಚುಕ್ಕೆ ನೋಡಿ ಬೆರಳಿಟ್ರೆ ಪ್ರತಿಯೊಂದು ಸ್ವರವೂ ಕಾಲು ಸ್ವರ ಇಳಿದೇ ಬರ್ತದೆ. ಗೆರೆಯ ನೇರಕ್ಕೆ ಬದಿಯಲ್ಲಿ ಹೊಸ ಚುಕ್ಕೆ ಹಾಕಿಸಿ, ಹಳೇದು ಮುಚ್ಚಿಸಿ, ಸಣ್ಣ ಕೆಲಸ, ಆದ್ರೆ ನೀವು ಕೇಳದೆ ಯಾರೂ ಮಾಡಿಕೊಡೋದಿಲ್ಲ.

ಈಗ ಬೋರ್ಡಿನ ಮೇಲ್ಮೈ. ಅಸಲಿ ವಿಷಯ ಇದೇ. ಸಾಮಾನ್ಯ ಗಿಟಾರಿನ ಬೋರ್ಡ್ ರೋಸ್‌ವುಡ್ ಇರ್ತದೆ, ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಬೀಟೆ, ಘಟ್ಟದ ಮರ, ಪ್ರಪಂಚದ ಗಿಟಾರುಗಳಿಗೆಲ್ಲ ಅದೇ ಬೇಕು. 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಮ ಬಿಗಿಯಾಗಿ ಗಿಟಾರ್ ಕಂಪನಿಗಳು ಪರದಾಡಿದ್ವು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಅದಿರ್ಲಿ. ಬೀಟೆ ಒಳ್ಳೇ ಮರವೇ, ಆದ್ರೆ ಅದರ ಮೇಲೆ ನೇರವಾಗಿ ಸ್ಟೀಲ್ ತಂತಿ ಉಜ್ಜಿದ್ರೆ ಸ್ವಲ್ಪ ಸಮಯದಲ್ಲೇ ಗೀರು ಬೀಳ್ತದೆ, ಗೀರಲ್ಲಿ ತಂತಿ ಕೂತ್ರೆ ಜಾರೋದೂ ಇಲ್ಲ, ಝರ್‌ಝರ್ ಸದ್ದು ಬೇರೆ. ಸಣ್ಣ ತಂತಿಯ ಸ್ವರವಂತೂ ಬರೀ ಮರದಲ್ಲಿ ತೀರಾ ಮೊಂಡು.

ಹಾಗಾಗಿ ಒಂದೋ ಎಪಾಕ್ಸಿ ಲೇಪ, ಗಟ್ಟಿಯಾಗಿ, ಗಾಜಿನ ಹಾಗೆ ಪಾಲಿಶ್ ಆಗುವಷ್ಟು. ಇದನ್ನು ಮಳೆಗಾಲದಲ್ಲಿ ಮಾತ್ರ ಮಾಡಿಸ್ಬೇಡಿ, ಮುಂಬೈಯ ಜುಲೈ ತಿಂಗಳ ತೇವದಲ್ಲಿ ಎಪಾಕ್ಸಿ ಮೇಲೆ ಮೇಣದ ಹಾಗೆ ಒಂದು ಪೊರೆ ಬರ್ತದೆ, ಮಬ್ಬಾಗ್ತದೆ. ಚಳಿಗಾಲ ಒಳ್ಳೇದು, ಪುಣೆಯ ಗಾಳಿ ಇನ್ನೂ ಒಳ್ಳೇದು. ಇಲ್ಲಾ ಲೋಹದ ಶೀಟ್. ಒಂದು ಮಿಲಿಮೀಟರಿಗಿಂತ ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಶೀಟನ್ನು ಬೋರ್ಡಿನ ಆಕಾರಕ್ಕೆ ಕತ್ತರಿಸಿ, ದುಂಡಿಗೆ ಸ್ವಲ್ಪ ಬಗ್ಗಿಸಿ ಎಪಾಕ್ಸಿಯಲ್ಲಿ ಅಂಟಿಸೋದು, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಡೋದು. ನನ್ನ ಓಟು ಇದಕ್ಕೇ. ಸಣ್ಣ ತಂತಿಗೆ ಜೀವ ಬರೋದು ಇದರಲ್ಲೇ, ಗೀರು ಬೀಳೋದೂ ಇಲ್ಲ. ಇನ್ನೊಂದು ಲಾಭ, ಫ್ರೆಟ್ ಕಿತ್ತಾಗ ತಂತಿಯ ಕೆಳಗೆ ಸುಮಾರು ಒಂದು ಮಿಲಿಮೀಟರ್ ಎತ್ತರ ಹೋಗಿರ್ತದಲ್ಲ, ಶೀಟ್ ಅದರಲ್ಲಿ ಬಹುಪಾಲು ವಾಪಸ್ ಕೊಡ್ತದೆ. ಶೀಟ್ ಹಾಕದಿದ್ರೆ ಸ್ಯಾಡಲ್ (ಬ್ರಿಡ್ಜಲ್ಲಿ ತಂತಿ ಕೂರುವ ತುಂಡು) ಅಷ್ಟೂ ಕೆಳಗಿಳಿಸ್ಬೇಕು, ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಗೀರುಗಳನ್ನು ಫೈಲ್ ಹಾಕಿ ಆಳ ಮಾಡ್ಬೇಕು, ಸ್ಯಾಡಲ್ ಇಳಿಸೋದಕ್ಕೆ ಜಾಗ ಇಲ್ಲದಿದ್ರೆ ಆಗ ಹೇಳಿದ ಶಿಮ್ ಹಾಕಿ ನೆಕ್ ಹಿಂದಕ್ಕೆ ವಾಲಿಸ್ಬೇಕು. ಶೀಟಿನ ಮೇಲೆ ಗೆರೆ ಕಾಣೋದಿಲ್ಲ ಅನ್ನೋದೊಂದೇ ಕೊರತೆ, ಎಚಿಂಗ್ (ಲೋಹದಲ್ಲಿ ಗೆರೆ ಕೊರೆಯೋದು) ಮಾಡಿಸಿ, ಇಲ್ಲಾ ಬದಿಯ ಚುಕ್ಕೆ ನಂಬಿ. ಗಿಟಾರ್ ರಿಪೇರಿಯವರು ಶೀಟ್ ಅಂದ ಕೂಡ್ಲೇ ಮುಖ ಸಿಂಡರಿಸಿದ್ರೆ ಸರೋದ್ ರಿಪೇರಿ ಮಾಡುವ ಕೈ ಹುಡುಕಿ, ಅವರಿಗೆ ಇದು ಹೊಸದಲ್ಲ. ನೀವು ಧಾರವಾಡಕ್ಕೆ ಹೋಗುವ ರೈಲು ಮಿರಜ್ ಮೇಲೇ ಹೋಗ್ತದೆ, ಸಿತಾರು ತಂಬೂರಿ ಮಾಡುವವರ ಊರು, 2024ರಲ್ಲಿ ಅವೆರಡಕ್ಕೂ ಜಿಐ ಟ್ಯಾಗ್ ಬಂತು, ಅಲ್ಲಿ ಒಂದು ದಿನ ಇಳಿದು ವಿಚಾರಿಸಿದ್ರೆ ನಷ್ಟ ಇಲ್ಲ, ಗಿಟಾರ್ ಕೆಲಸ ಆಗದಿದ್ರೂ ತಂಬೂರಿಯ ಜವಾರಿ (ಝೇಂಕಾರ ಕೊಡುವ ಬ್ರಿಡ್ಜಿನ ಮೇಲ್ಮೈ) ತೀಡೋದನ್ನು ನೋಡಿ ಬರಬಹುದು.

ತಂತಿ ದಪ್ಪದ್ದು ಹಾಕಿ. 9ರ ಸೆಟ್ (ಸಂಖ್ಯೆ ಅಂದ್ರೆ ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಪಾಲಲ್ಲಿ) ಬೇಡವೇ ಬೇಡ, 11ರ ಸೆಟ್, ಅದರಲ್ಲೂ ಮೂರನೇ ತಂತಿ ಸುತ್ತು ಇರುವಂಥದ್ದು. ಮರದ ಬೋರ್ಡಾದ್ರೆ ಫ್ಲ್ಯಾಟ್‌ವೂಂಡ್ (ಚಪ್ಪಟೆ ಸುತ್ತಿನ ತಂತಿ) ಹಾಕಿ, ಬೋರ್ಡೂ ಉಳೀತದೆ ಬೆರಳು ಜಾರುವಾಗ ಸರ್ ಅನ್ನುವ ಸದ್ದೂ ಇಲ್ಲ, ಲೋಹವಾದ್ರೆ ರೌಂಡ್‌ವೂಂಡ್ (ದುಂಡು ಸುತ್ತಿನದ್ದು) ನಡೀತದೆ, ಹೊಳಪು ಜಾಸ್ತಿ. ಶ್ರುತಿಗೆ ನನ್ನ ಸಲಹೆ, ದಪ್ಪ ತಂತಿಯಿಂದ ಸಣ್ಣದಕ್ಕೆ, ಡಿ ಎ ಡಿ ಜಿ ಎ ಡಿ. ಪಾಶ್ಚಾತ್ಯರು ಇದನ್ನು ಫೋಕ್ ಗಿಟಾರಿಗೆ ಬಳಸ್ತಾರೆ, ಆದ್ರೆ ಡಿಯನ್ನು ಷಡ್ಜ ಅಂತ ಇಟ್ಕೊಂಡು ನೋಡಿ: ಸ ಪ ಸ ಮ ಪ ಸ! ನಮಗೋಸ್ಕರವೇ ಮಾಡಿದ ಹಾಗುಂಟು. ಒಂದು ತಂತಿಯಲ್ಲಿ ರಾಗ, ಪಕ್ಕದ ಖಾಲಿ ತಂತಿಗಳಲ್ಲಿ ಆಧಾರ ಶ್ರುತಿ.

ಇನ್ನು ಸ್ವರ ಎಲ್ಲಿರ್ತದೆ ಅಂತ. ಸ್ಟ್ರಾಟ್ ಮಾದರಿಯಲ್ಲಿ ನಟ್ಟಿನಿಂದ ಬ್ರಿಡ್ಜಿಗೆ 648 ಮಿಲಿಮೀಟರ್. ಖಾಲಿ ತಂತಿ ಸ ಅಂತ ಇಟ್ಕೊಂಡ್ರೆ, ನಟ್ಟಿನಿಂದ ಅರ್ಧ ದೂರ ಹೋದ್ರೆ, ಅಂದ್ರೆ 324ಕ್ಕೆ, ತಾರ ಸ. ಮೂರರಲ್ಲೊಂದು ಪಾಲು, 216ಕ್ಕೆ, ಪ. ನಾಲ್ಕರಲ್ಲೊಂದು, 162ಕ್ಕೆ, ಶುದ್ಧ ಮ. ಐದರಲ್ಲೊಂದು, ಹತ್ತಿರ ಹತ್ತಿರ 130ಕ್ಕೆ, ಶುದ್ಧ ಗ. ಈಗ ಫ್ರೆಟ್ ಗೆರೆಗಳ ಜೊತೆ ಹೋಲಿಸಿ. ತಾರ ಸ ಗೆರೆಯ ಮೇಲೇ ಕೂತಿದೆ. ಪ ಮತ್ತು ಮ ಏಳನೇ ಐದನೇ ಗೆರೆಯಿಂದ ಅರ್ಧ ಮಿಲಿಮೀಟರ್ ಆಚೀಚೆ, ಅದೇನೂ ಲೆಕ್ಕಕ್ಕಿಲ್ಲ. ಆದ್ರೆ ಗ? ನಾಲ್ಕನೇ ಗೆರೆ ಇರೋದು 134ರ ಹತ್ತಿರ. ಅಂದ್ರೆ ತಂಬೂರಿ ಜೊತೆ ಸೇರಿ ನಿಲ್ಲುವ ಗಾಂಧಾರ ಗೆರೆಯಿಂದ ನಾಲ್ಕು ಮಿಲಿಮೀಟರ್ ಹಿಂದೆ, ನಟ್ಟಿನ ಕಡೆ. ಸೆಮಿಟೋನನ್ನು ನೂರು ಪಾಲು ಮಾಡಿದ್ರೆ 14 ಪಾಲು ಇಳಿಸಿದ್ದು. ಫ್ರೆಟ್ ಗಿಟಾರಲ್ಲಿ ಇಷ್ಟು ವರ್ಷ ನೀವು ಒತ್ತಿದ ಗಾಂಧಾರ ಅಷ್ಟು ಏರಿದ್ದು, ಮನೆಯಲ್ಲಿ ರೇಡಿಯೋದಲ್ಲಿ ಕೇಳಿ ಬೆಳೆದ ಗಾಂಧಾರ ಅದಲ್ಲ, ಏನೋ ಸರಿ ಇಲ್ಲ ಅಂತ ನಿಮಗೆ ಒಳಗೊಳಗೇ ಅನಿಸ್ತಾ ಇದ್ದಿದ್ರೆ ಕಾರಣ ಇದೇ. ದರ್ಬಾರಿ ರಾಗದ ತೂಗಾಡುವ ಕೋಮಲ ಗಾಂಧಾರಕ್ಕಂತೂ ಗೆರೆಯೇ ಇಲ್ಲ, ಅದು ಜಾಗ ಅಲ್ಲ, ಓಡಾಟ, ಅದನ್ನು ಗುರುಗಳ ಹತ್ತಿರ ಕೂತು ಕಲೀಬೇಕು.

ಟ್ಯೂನರ್ ನೋಡಿ ಅಭ್ಯಾಸ ಮಾಡ್ಬೇಡಿ ಅಂತ ನಾನು ಹೇಳೋದು ಇದಕ್ಕೇ. ಟ್ಯೂನರಿಗೆ ಪಿಯಾನೋದ ಸ್ವರ ಮಾತ್ರ ಗೊತ್ತು, ಸರಿಯಾದ ಗಾಂಧಾರ ಹಾಕಿದ್ರೆ ತಪ್ಪು ಅಂತ ತೋರಿಸ್ತದೆ. ಇಲೆಕ್ಟ್ರಾನಿಕ್ ತಂಬೂರಿ ಇಟ್ಕೊಳ್ಳಿ, ಬೆಂಗಳೂರಿನ ರಾಡೆಲ್‌ನವರದ್ದು ಮನೆಯಲ್ಲಿ ಹಳೇದು ಬಿದ್ದಿರ್ಬಹುದು, ಇಲ್ಲಾ ಫೋನಲ್ಲಿ ಆ್ಯಪ್. ಡಿ ಶ್ರುತಿಗೆ ಇಟ್ಟು, ಸ್ಪೀಕರಿಗೆ ಹಾಕಿ, ನಾಲ್ಕನೇ ತಂತಿ ಒಂದರಲ್ಲೇ ಸ ಪ ಸ. ಅಷ್ಟೇ. ಪ ತಂಬೂರಿಯೊಳಗೆ ಕರಗಿ ಅಲೆ ನಿಲ್ಲುವವರೆಗೆ ಬೆರಳು ಸರಿಸಿ. ಆಮೇಲೆ ಮ, ಆಮೇಲೆ ಗ. ರಿ ಧ ನಿ ಕೊನೆಗೆ. ಜಾಗ ಖಾತ್ರಿ ಇಲ್ಲದಿದ್ರೆ ಒಂದು ಉಪಾಯ, ಐದರಲ್ಲೊಂದು ಪಾಲಿನ ಹತ್ತಿರ ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದ್ರೆ ಗಂಟೆಯ ಹಾಗೆ ಹಾರ್ಮೋನಿಕ್ ಬರ್ತದೆ, ಅದು ಎರಡು ಸ್ಥಾಯಿ ಮೇಲಿನ ಅದೇ ಗಾಂಧಾರ, ಅದು ಸ್ಪಷ್ಟ ಕೇಳುವ ಜಾಗವೇ ಸ್ವರದ ಜಾಗ. ಒತ್ತುವಾಗ ತಂತಿ ಸ್ವಲ್ಪ ಎಳೆದುಕೊಳ್ತದೆ, ಹಾಗಾಗಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರ್ತದೆ, ಅದನ್ನು ಕಿವಿಗೇ ಬಿಡಿ.

ಕೈ ವಿಷಯದಲ್ಲಿ ಫ್ರೆಟ್ ಗಿಟಾರಿನ ಒಂದು ಅಭ್ಯಾಸ ಮುರೀಬೇಕು. ಅಲ್ಲಿ ಫ್ರೆಟ್ಟಿನ ಹಿಂದೆ ಒತ್ತಿದ್ರೆ ಸಾಕು, ಎಷ್ಟು ಹಿಂದೆ ಅಂತ ಕೇಳುವವರಿಲ್ಲ. ಇಲ್ಲಿ ಗೆರೆಯ ಮೇಲೇ ಬೆರಳು, ಅದೂ ಬೆರಳಿನ ಬ್ರಿಡ್ಜ್ ಕಡೆಯ ಅಂಚು ಎಲ್ಲಿದೆಯೋ ಅಲ್ಲಿ ಸ್ವರ. ಬೆರಳು ನೇರ ನಿಲ್ಲಿಸಿ, ತುದಿಯಿಂದ ಒತ್ತಿ, ಉಗುರು ತಂತಿಗೆ ತಾಗುವಷ್ಟು ಹತ್ತಿರ, ಸರೋದಿನ ಹಾಗೆ ಪೂರ್ತಿ ಉಗುರಲ್ಲೇ ನುಡಿಸ್ತೇನೆ ಅಂದ್ರೂ ಲೋಹದ ಬೋರ್ಡಲ್ಲಿ ಆಗ್ತದೆ, ಸುಲಭ ಅಲ್ಲ. ಮೆತ್ತಗೆ ಮಲಗಿದ ಬೆರಳಲ್ಲಿ ಒತ್ತಿದ್ರೆ ಎಷ್ಟು ದುಬಾರಿ ಗಿಟಾರಾದ್ರೂ ಗೆಳೆಯನ ಗಿಟಾರಿನದ್ದೇ ಗತಿ. ಹನ್ನೆರಡನೇ ಗೆರೆಯ ಹತ್ತಿರ ಒಂದು ಮಿಲಿಮೀಟರ್ ತಪ್ಪಿದ್ರೆ ಐದು ಸೆಂಟ್ (ಸೆಮಿಟೋನಿನ ನೂರರಲ್ಲಿ ಐದು ಪಾಲು) ತಪ್ಪು, ಮೂರು ಮಿಲಿಮೀಟರ್ ಅಂದ್ರೆ ಪಕ್ಕದ ಮನೆಯವರಿಗೂ ಗೊತ್ತಾಗ್ತದೆ. ನಟ್ಟಿನ ಹತ್ತಿರ ಅದರ ಅರ್ಧದಷ್ಟೇ ಪೆಟ್ಟು, ಹಾಗಾಗಿ ಶುರುವಿಗೆ ನಟ್ಟಿನ ಕಡೆಯ ಅರ್ಧದಲ್ಲೇ ಇರಿ. ಬಗ್ಗಿ ಬೋರ್ಡ್ ನೋಡಿ ನುಡಿಸ್ಬೇಡಿ, ಮೇಲಿಂದ ಓರೆಯಾಗಿ ನೋಡಿದ್ರೆ ಗೆರೆ ಒಂದು ಕಡೆ ತಂತಿ ಇನ್ನೊಂದು ಕಡೆ ಕಾಣ್ತದೆ.

ವೈಬ್ರೇಟೋಗೆ ತಂತಿಯನ್ನು ಅಡ್ಡ ಎಳೆಯೋದಲ್ಲ, ವಯೊಲಿನ್ ಹಾಗೆ ತಂತಿಯ ಉದ್ದಕ್ಕೆ ಬೆರಳು ಹೊರಳಿಸೋದು. ಮೀಂಡಿಗೆ ಜಾರುವಾಗ ಒತ್ತಡ ಸಡಿಲಿಸ್ಬೇಡಿ, ಸಡಿಲಿಸಿದ್ರೆ ದಾರಿ ಮಧ್ಯದಲ್ಲೇ ಸ್ವರ ಹೋಯ್ತು. ಮೀಟೋದು ಬ್ರಿಡ್ಜಿನ ಹತ್ತಿರ, ಸ್ವಲ್ಪ ಜೋರಾಗಿ. ಇನ್ನು ಎಲ್ಲಾ ಸ್ವರಕ್ಕೂ ಜಾರಿಕೊಂಡೇ ಹೋಗೋದು, ಹೊಸದಾಗಿ ಹಿಡಿದವರೆಲ್ಲ ಮಾಡುವ ಕೆಲಸ, ಕೇಳುವವರಿಗೆ ತಲೆ ತಿರುಗ್ತದೆ. ನೇರವಾಗಿ ಇಟ್ಟ ಸ್ವರ ನಾಲ್ಕು ಇದ್ರೆ ಒಂದು ಮೀಂಡಿಗೆ ಬೆಲೆ.

ಕಾರ್ಡ್ಸ್ ಮರೆತು ಬಿಡಿ ಅಂತ ಹೇಳೋದಿಲ್ಲ, ಆದ್ರೆ ಹೆಚ್ಚುಕಮ್ಮಿ ಮರೆತ ಹಾಗೇ. ಒಂದು ಬೆರಳು ಅಡ್ಡ ಮಲಗಿಸಿದ್ರೆ ಸಾಲಾಗಿ ಬರ್ತದೆ, ಮೂರು ಬೆರಳು ಮೂರು ಕಡೆ ಮಿಲಿಮೀಟರ್ ಲೆಕ್ಕದಲ್ಲಿ ಇಡೋದು ಕಷ್ಟ, ಮೇಲಿಂದ ಡಿಸ್ಟಾರ್ಷನ್ ಹಾಕಿದ್ರೆ ಸಣ್ಣ ತಪ್ಪೂ ಗೊರಗೊರ ಅಂತ ಎದ್ದು ಬರ್ತದೆ. ಕಾರ್ಡ್ಸಿಗೆ ನಿಮ್ಮ ಹಳೇ ಗಿಟಾರ್ ಇದ್ದೇ ಉಂಟಲ್ಲ.

ಉಳಿದ ದುಡ್ಡಲ್ಲಿ ಮೊದಲು ತಗೊಳ್ಬೇಕಾದ್ದು ಕಂಪ್ರೆಸರ್ ಪೆಡಲ್. ಆಂಪ್ಲಿಫಯರ್ ಅಲ್ಲ, ರಿವರ್ಬೂ ಅಲ್ಲ. ಸಾಯ್ತಾ ಇರುವ ಸ್ವರದ ಬಾಲವನ್ನು ಅದು ಮೇಲೆತ್ತಿ ಹಿಡೀತದೆ. ಆಮೇಲೆ ಸ್ವಲ್ಪವೇ ಓವರ್‌ಡ್ರೈವ್ (ಸದ್ದನ್ನು ಒರಟು ಮಾಡುವ ಪೆಡಲ್), ಅದೂ ಒಂದು ರೀತಿಯ ಕಂಪ್ರೆಸರೇ. ಕಂಪ್ರೆಸರ್ ಸದ್ದಿನ ಜೊತೆ ಗದ್ದಲವನ್ನೂ ಎತ್ತುತ್ತದೆ, ಆದ್ರಿಂದ ಕೇಬಲ್, ಜ್ಯಾಕ್, ಗ್ರೌಂಡ್ ವೈರ್ ಸರಿ ಮಾಡಿಸಿ, ಲೋಹದ ಶೀಟಿಗೂ ಒಂದು ಗ್ರೌಂಡ್ ವೈರ್ ಕೊಡಿಸಿ. ಬಿಡಿ ಸಾಮಾನು ಮುಂಬೈಗೆ ಬಂದಾಗ ಲ್ಯಾಮಿಂಗ್ಟನ್ ರೋಡಲ್ಲಿ ಸಿಗ್ತದೆ. ಇಬೋ ಅಂತ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ಉಂಟು, 9 ವೋಲ್ಟ್ ಬ್ಯಾಟರಿಯದ್ದು, ತಂತಿಯ ಮೇಲೆ ಹಿಡಿದ್ರೆ ಅಯಸ್ಕಾಂತದಿಂದ ತಂತಿಯನ್ನು ಆಡಿಸ್ತಾನೇ ಇರ್ತದೆ, ಕಮಾನು ಎಳೆದ ಹಾಗೆ. ಒಂದು ಸಲಕ್ಕೆ ಒಂದೇ ತಂತಿ. ಆಲಾಪಕ್ಕೆ ಸೊಗಸು, ಆದ್ರೆ ಮೀಟಿನ ಹೊಡೆತ ಇರೋದಿಲ್ಲ, ಕೇಳ್ತಾ ಕೇಳ್ತಾ ಎಲ್ಲಾ ಒಂದೇ ತರ ಅನಿಸ್ತದೆ. ಆರು ತಿಂಗಳು ಅದಿಲ್ಲದೆ ನುಡಿಸಿ, ಕೈ ಒತ್ತೋದು ಕಲೀಲಿ, ಆಮೇಲೆ ಬೇಕಿದ್ರೆ ತಗೊಳ್ಳಿ.

ಲೆಕ್ಕ ಹಾಕಿದ್ರೆ ಗಿಟಾರಿಗೆ ಹನ್ನೆರಡು, ಫ್ರೆಟ್ ಕೀಳಿಸಿ ಶೀಟ್ ಹಾಕಿ ಸೆಟಪ್ ಮಾಡಿಸೋದಕ್ಕೆ ಹತ್ತರ ಒಳಗೆ ಮುಗಿಸಿ, ಕಂಪ್ರೆಸರ್ ಹಳೇದೇ ನೋಡಿ ನಾಲ್ಕೈದು. ಉಳಿದದ್ದು ಕೈಯಲ್ಲಿ ಇರ್ಲಿ, ಸೆಟಪ್ ಒಂದೇ ಸಲಕ್ಕೆ ಸರಿ ಬರೋದು ಅಪರೂಪ, ಒಂದೆರಡು ತಿಂಗಳಾದ ಮೇಲೆ ನೆಕ್ ಸ್ವಲ್ಪ ಕೂತ್ಕೊಂಡು ಬೋರ್ಡಲ್ಲಿ ಎತ್ತರತಗ್ಗು ತೋರಿಸ್ತದೆ. ಕೆಲಸ ಕೊಡುವ ಮೊದಲು, ಶೀಟ್ ಅಂಟಿಸಿದ ಮೇಲೆ ಲೆವೆಲ್ ಯಾವುದರಿಂದ ಚೆಕ್ ಮಾಡ್ತೀರಿ ಅಂತ ಕೇಳಿ, ಉದ್ದ ಸ್ಟೀಲ್ ಪಟ್ಟಿ ತೋರಿಸಿದ್ರೆ ಸರಿ, ಬರೀ ಕಣ್ಣಲ್ಲಿ ನೋಡ್ತೇವೆ ಅಂದ್ರೆ ಥ್ಯಾಂಕ್ಯೂ ಹೇಳಿ ಹೊರಗೆ ಬನ್ನಿ. ಫ್ರೆಟ್ ಇದ್ರೆ ಬೋರ್ಡಿನ ಸಣ್ಣ ತಗ್ಗು ಮುಚ್ಚಿ ಹೋಗ್ತದೆ, ಇಲ್ಲಿ ಒಂದೇ ಒಂದು ಉಬ್ಬು ಇದ್ರೂ ಅದರ ಹಿಂದಿನ ಸ್ವರ ಎಲ್ಲಾ ಝರ್ ಅನ್ನುತ್ತದೆ.

ಕೊನೇದಾಗಿ ಹವೆ. ಪುಣೆಯ ಏಪ್ರಿಲಿನ ಒಣಗಾಳಿಯಲ್ಲಿ ಸೆಟ್ ಮಾಡಿದ ನೆಕ್ ಜೂನಲ್ಲಿ ಮಳೆ ಬಿದ್ದ ಕೂಡ್ಲೇ ಸ್ವಲ್ಪ ಬದಲಾಗ್ತದೆ, ಮುಂಬೈಗೋ ಗೋವಾಕ್ಕೋ ತಂದ್ರೆ ಇನ್ನೂ. ಟ್ರಸ್ ರಾಡಿನ ಕೀ ಬ್ಯಾಗಲ್ಲೇ ಇರ್ಲಿ, ಕಾಲು ಸುತ್ತು ತಿರುಗಿಸೋದು ಕಲ್ತುಕೊಳ್ಳಿ, ಜೊತೆಗೆ ಸಿಲಿಕಾ ಜೆಲ್ ನಾಲ್ಕು ಪೊಟ್ಟಣ. ತಂತಿಗೆ ತುಕ್ಕು ಹಿಡಿದ್ರೆ ಅದೇ ದಿನ ಬದಲಾಯಿಸಿ, ತುಕ್ಕಿನ ತಂತಿ ಎಪಾಕ್ಸಿ ಲೇಪಕ್ಕೆ ಅರ ಹಾಕಿದ ಹಾಗೆ. ಸೆಕೆಂಡ್‌ಹ್ಯಾಂಡ್ ಗಿಟಾರ್ ಸಿಕ್ಕಿದ ಮೇಲೆ ನೆಕ್ಕಿನ ಫೋಟೋ ಮೂರು ಕಡೆಯಿಂದ ತೆಗೆದು ಕಳಿಸಿ, ಹೆಡ್‌ಸ್ಟಾಕ್ ಕಡೆಯಿಂದ ಬ್ರಿಡ್ಜಿನ ನೇರಕ್ಕೆ ತೆಗೆದದ್ದೊಂದು ಖಂಡಿತ ಇರ್ಲಿ, ತಿರುಚಿದ್ಯಾ ಇಲ್ವಾ ಅಂತ ಹೇಳ್ತೇನೆ. ದುಡ್ಡು ಅದಾದ ಮೇಲೆ ಕೊಡಿ.